ಸಿಂಕಿನ ಕೆಳಗೊಮ್ಮೆ ಬಗ್ಗಿ ನೋಡಿ



ಯುವಕ-ಯುವತಿಯರಿಗೆ ಉಪಯೋಗವಾಗುವಂಥದ್ದು ಏನಾದರೂ ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕರು ಕೇಳಿದರು. ಕಥೆ, ಕವನ, ಪ್ರವಾಸದ ಅನುಭವ ಬರೆಯಲು ನಮ್ಮ ಸಂಘದಲ್ಲಿ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನಾನು ಪಿಂಪರಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ೩೧ ವರ್ಷ ದುಡಿದು ನಿವೃತ್ತನಾದವನು. ನನಗೆ ತಿಳಿದದ್ದು ಕೈಕೆಲಸ. ಹೀಗಾಗಿ ಅಡುಗೆಮನೆಯ ಸಿಂಕಿನ ಬಗ್ಗೆ ಬರೆಯುತ್ತೇನೆ ಎಂದೆ. ಸಂಪಾದಕರು ನಕ್ಕರು. ನೀವೂ ನಗಬಹುದು. ನಕ್ಕು ಮುಗಿದ ಮೇಲೆ ಒಂದು ಟಾರ್ಚು ಹಿಡಿದು ನಿಮ್ಮ ಅಡುಗೆಮನೆಗೆ ಹೋಗಿ, ಸಿಂಕಿನ ಕೆಳಗಿನ ಕಪಾಟು ತೆರೆದು, ಬಗ್ಗಿ ಮೇಲಕ್ಕೆ ನೋಡಿ. ಆ ಸಿಂಕನ್ನು ಏನು ಹಿಡಿದುಕೊಂಡಿದೆ ಎಂದು ಹೇಳಬಲ್ಲಿರಾ? ಹೇಳಲಾಗದಿದ್ದರೆ ಈ ಲೇಖನ ನಿಮಗಾಗಿಯೇ.

ನಿಮ್ಮಲ್ಲಿ ಹೆಚ್ಚಿನವರು ಕೋಥರೂಡ, ಬಾಣೇರ, ವಾಕಡದ ಫ್ಲ್ಯಾಟುಗಳಲ್ಲಿ ಬೆಳೆದವರು. ನಿಮ್ಮ ಅಜ್ಜಿಯರು ನಿಂತು ಪಾತ್ರೆ ತೊಳೆದವರಲ್ಲ. ಊರ ಮನೆಗಳಲ್ಲಿ ಬಚ್ಚಲಿತ್ತು, ಇಲ್ಲಿ ಸದಾಶಿವ ಪೇಠೆಯ ಹಳೆಯ ವಾಡೆಗಳಲ್ಲಿ ಮೋರಿ ಇತ್ತು. ಅಡುಗೆಮನೆಯ ಒಂದು ಮೂಲೆಯಲ್ಲಿ ನಾಲ್ಕು ಬೆರಳು ಎತ್ತರದ ಕಟ್ಟೆ, ಒಳಗೆ ಇಳಿಜಾರಾಗಿ ಹಾಸಿದ ಶಹಾಬಾದಿ ಫರಸಿ, ಗೋಡೆಯಲ್ಲೊಂದು ತೂತು. ಕುಕ್ಕರುಗಾಲಿನಲ್ಲಿ ಕೂತು ಮುಸುರೆ ತಿಕ್ಕುವುದು. ಆ ಫರಸಿ ಬಂದದ್ದು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ. ಮುಂಬಯಿ-ಪುಣೆ-ಸೋಲಾಪುರದ ರೈಲು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿತು. ಶಹಾಬಾದು ಅದೇ ಹಳಿಯ ಮೇಲಿನ ಊರು. ಪುಣೆಯ ಜನ ಇಂದಿಗೂ ಆ ಕಲ್ಲನ್ನು ಊರಿನ ಹೆಸರಿನಿಂದಲೇ ಕರೆಯುತ್ತಾರೆ.

ಆಮೇಲೆ ಫ್ಲ್ಯಾಟುಗಳು ಬಂದವು, ನಿಂತು ಅಡುಗೆ ಮಾಡುವ ಓಟಾ ಬಂತು. ಮೊದಲು ಅದರ ಮೇಲೆ ಕರಿಯ ಕಡಪ್ಪಾ ಕಲ್ಲು, ನಂತರ ಗ್ರಾನೈಟು. ಉಕ್ಕಿನ ಸಿಂಕು ಕಲ್ಲಿನ ತೂತಿನೊಳಗೆ ಮೇಲಿನಿಂದ ಇಳಿಯುತ್ತಿತ್ತು, ಅದರ ಅಂಚು ಕಲ್ಲಿನ ಮೇಲೆ ಕೂಡುತ್ತಿತ್ತು. ಬೀಳುವ ಪ್ರಶ್ನೆಯೇ ಇರಲಿಲ್ಲ, ಕಲ್ಲೇ ಅದನ್ನು ಹೊತ್ತಿತ್ತು. ಆದರೆ ಎದ್ದ ಅಂಚಿನ ಸುತ್ತ ಕೊಳೆ ನಿಲ್ಲುತ್ತದೆ, ಚೆಲ್ಲಿದ ನೀರನ್ನು ಒರೆಸಿ ಸಿಂಕಿಗೆ ತಳ್ಳಲು ಬರುವುದಿಲ್ಲ. ಅದಕ್ಕಾಗಿ ಈಗ ಸಿಂಕನ್ನು ಕಲ್ಲಿನ ಅಡಿಗೆ ಅಂಟಿಸುತ್ತಾರೆ. ಅಂಗಡಿಯವರು ಇದನ್ನು ಅಂಡರ್‌ಮೌಂಟ್ ಎನ್ನುತ್ತಾರೆ. ನೋಡಲು ಚೆಂದ, ಒರೆಸಲು ಸುಲಭ. ಆದರೆ ಕಲ್ಲಿನ ಮೇಲೆ ಕೂತಿದ್ದ ಸಿಂಕು ಈಗ ಕಲ್ಲಿಗೆ ಜೋತುಬಿದ್ದಿದೆ.

ಒಂದು ಸಣ್ಣ ಲೆಕ್ಕ ಮಾಡೋಣ. ೨೪ ಇಂಚು ಉದ್ದ, ೧೮ ಇಂಚು ಅಗಲ, ೮ ಇಂಚು ಆಳದ ಸಿಂಕು ಎಂದರೆ ಸಾಧಾರಣ ಅಳತೆ. ಮೂಲೆಗಳ ದುಂಡಗೆಯನ್ನು ಬಿಟ್ಟರೂ ಅದರಲ್ಲಿ ೫೦ ಲೀಟರು ನೀರು ಹಿಡಿಯುತ್ತದೆ. ಒಂದು ಲೀಟರು ನೀರೆಂದರೆ ಒಂದು ಕಿಲೋ. ಅಂದರೆ ಸಿಂಕು ತುಂಬಿದಾಗ ಒಂದು ಸಿಮೆಂಟು ಚೀಲ ನಿಮ್ಮ ಓಟಾದ ಅಡಿಯಲ್ಲಿ ನೇತಾಡುತ್ತಿರುತ್ತದೆ. ಅದರ ಮೇಲೆ ಕುಕ್ಕರು, ಕಡಾಯಿ, ಹಬ್ಬದ ದಿನದ ಪಾತ್ರೆಗಳು.

ಈ ಭಾರವನ್ನು ಹೊರಲು ಮೂರು ಉಪಾಯಗಳಿವೆ. ಮೊದಲನೆಯದು, ಕಲ್ಲಿನ ಅಡಿಗೆ ಸಣ್ಣ ತೂತು ಕೊರೆದು ಕ್ಲಿಪ್ಪುಗಳಿಂದ ಅಂಚನ್ನು ಒತ್ತಿ ಹಿಡಿಯುವುದು. ನಮ್ಮಲ್ಲಿ ಹಾಸುವ ಗ್ರಾನೈಟಿನ ದಪ್ಪ ೧೮ ಮಿಲಿಮೀಟರಿನ ಆಸುಪಾಸು. ಕೊರೆಯುವವನ ಕೈ ಸ್ವಲ್ಪ ಜಾಸ್ತಿಯಾದರೆ ಕಲ್ಲೇ ಸೀಳೀತು. ಎರಡನೆಯದು, ಎರಡು ಟ್ಯೂಬಿನ ಅಂಟನ್ನು, ಅಂದರೆ ಎಪಾಕ್ಸಿಯನ್ನು ಕಲಸಿ, ಕ್ಲಿಪ್ಪುಗಳನ್ನೋ ಕಲ್ಲಿನ ತುಂಡುಗಳನ್ನೋ ಅಂಟಿಸಿ ಅವುಗಳಿಂದ ಹಿಡಿಸುವುದು. ಮೂರನೆಯದು, ಕೆಳಗಿನಿಂದ ಕಲ್ಲಿನ ಪಟ್ಟಿಯನ್ನೋ ಉಕ್ಕಿನ ಆ್ಯಂಗಲನ್ನೋ ಕೊಟ್ಟು ಭಾರವನ್ನು ಗೋಡೆಗೆ ಅಥವಾ ನೆಲಕ್ಕೆ ಇಳಿಸುವುದು. ನನ್ನ ಮಟ್ಟಿಗೆ ಮೂರನೆಯದೇ ಶ್ರೇಷ್ಠ. ಇವು ಯಾವುವೂ ಇಲ್ಲದೆ ಸುತ್ತ ಬರೀ ಸಿಲಿಕಾನ್ ಹಚ್ಚಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಸಿಲಿಕಾನಿನ ಕೆಲಸ ನೀರನ್ನು ತಡೆಯುವುದು, ಭಾರ ಹೊರುವ ಕೆಲಸ ಬೇರೆಯದು. ಒಂದೇ ವಸ್ತುವಿಗೆ ಎರಡೂ ಕೆಲಸ ಹಚ್ಚಿದರೆ ಅದು ಕೆಲವು ವರ್ಷ ಹೇಗೋ ತಡೆಯುತ್ತದೆ, ಒಂದು ದಿನ ಎರಡನ್ನೂ ಬಿಟ್ಟುಬಿಡುತ್ತದೆ.

ಬಿಡಲು ಕಾರಣವೇನು? ಅನ್ನದ ಗಂಜಿ ಬಸಿದಾಗ, ಶಾವಿಗೆ ಬಸಿದಾಗ ಕುದಿಯುವ ನೀರು ಸಿಂಕಿಗೆ ಬೀಳುತ್ತದೆ. ೫೦ ಡಿಗ್ರಿ ಕಾವು ಏರಿದರೆ ೬೦ ಸೆಂಟಿಮೀಟರಿನ ಉಕ್ಕು ಅರ್ಧ ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಗ್ರಾನೈಟು ಕಾಯುವುದೂ ನಿಧಾನ, ಹಿಗ್ಗುವುದೂ ಉಕ್ಕಿನ ಅರ್ಧದಷ್ಟು. ನಡುವೆ ಸಿಕ್ಕಿಕೊಂಡ ಅಂಟು ದಿನಾಲೂ ಈ ಎಳೆದಾಟವನ್ನು ಸಹಿಸಬೇಕು. ಕಲ್ಲು ಕತ್ತರಿಸಿದ ಧೂಳನ್ನು ಒರೆಸದೆ ಅಂಟು ಹಚ್ಚಿದ್ದರೆ ಅದು ಧೂಳನ್ನು ಹಿಡಿದಿರುತ್ತದೆಯೇ ಹೊರತು ಕಲ್ಲನ್ನಲ್ಲ. ಟ್ಯಾಂಕರು, ಬೋರವೆಲ್ಲುಗಳ ಗಡಸು ನೀರು ಬರುವ ಸೊಸೈಟಿಗಳಲ್ಲಿ ಸಂದಿನಲ್ಲಿ ಬಿಳಿಯ ಸುಣ್ಣ ಕಟ್ಟುತ್ತದೆ, ಆ ಒರಟಿನಲ್ಲಿ ಕೊಳೆ ಸೇರುತ್ತದೆ. ಹೀಗೆ ಒಂದೊಂದೂ ಸಣ್ಣ ಕಾರಣ, ಒಟ್ಟಾಗಿ ದೊಡ್ಡದು.

ಇಲ್ಲಿ ನಿಮಗೆ ಸ್ವಲ್ಪ ಕನ್ನಡ ಹೇಳಬೇಕು, ಬೇಸರಪಡಬೇಡಿ. ನೀವೆಲ್ಲ "ಸಿಂಕ್ ಲೀಕ್ ಆಗ್ತಿದೆ" ಅನ್ನುತ್ತೀರಿ. ರಿಪೇರಿ ಮಾಡುವವನಿಗೆ ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಅಜ್ಜಿಯಾಗಿದ್ದರೆ ನೋಡಿದ ತಕ್ಷಣ ಸರಿಯಾದ ಶಬ್ದ ಹೇಳುತ್ತಿದ್ದಳು. ಕಲ್ಲು ಮತ್ತು ಸಿಂಕಿನ ಸಂದು ಬರೀ ಒದ್ದೆಯಾಗಿ ಹೊಳೆಯುತ್ತಿದ್ದರೆ, ಒರೆಸಿದ ಬೆರಳು ತೇವವಾದರೆ, ನೀರು ಒಸರುತ್ತಿದೆ. ಸಿಲಿಕಾನ್ ಬಿಡಲು ಶುರುವಾಗಿದೆ ಎಂದು ಅರ್ಥ. ಸಂದಿನಗುಂಟ ಸಣ್ಣ ಹನಿಗಳು ಕಟ್ಟಿ ಸಿಂಕಿನ ಹೊರಮೈ ಮೇಲೆ ಇಳಿಯುತ್ತಿದ್ದರೆ, ಜಿನುಗುತ್ತಿದೆ. ಅಂಟು ಬಿಟ್ಟಿದೆ, ಸಿಂಕು ಕೂದಲೆಳೆಯಷ್ಟಾದರೂ ಇಳಿದಿರಬೇಕು. ನಡುವಿನ ತೂತಿನ ಕೆಳಗಿನ ಕಪ್ಲಿಂಗಿನಿಂದ ಒಂದೊಂದೇ ಹನಿ ಲೆಕ್ಕ ಹಿಡಿದು ಬೀಳುತ್ತಿದ್ದರೆ, ತೊಟ್ಟಿಕ್ಕುತ್ತಿದೆ. ಅಲ್ಲಿಯ ರಬ್ಬರ್ ವಾಶರು ಸವೆದಿರುತ್ತದೆ, ಹೊಸದು ಹಾಕಿದರೆ ಆಯಿತು. ಧಾರೆಯಾಗಿ ಬಂದರೆ, ಸೋರುತ್ತಿದೆ. ಪೈಪು ಕಳಚಿದೆ. ನಾಲ್ಕು ಶಬ್ದ, ನಾಲ್ಕು ರೋಗ, ನಾಲ್ಕು ಔಷಧ. ಮರಾಠಿಯಲ್ಲೂ ಪಾಝರಣೆ, ಠಿಬಕಣೆ, ಗಳಣೆ ಎಂದು ಹೀಗೆಯೇ ಇವೆ. ಎರಡು ಭಾಷೆಯ ಸಂಪತ್ತು ಮನೆಯಲ್ಲೇ ಇಟ್ಟುಕೊಂಡು ನೀವು ಒಂದು "ಲೀಕ್"ನಲ್ಲಿ ಸಂಸಾರ ಮಾಡುತ್ತಿದ್ದೀರಲ್ಲ ಎಂದು ನನಗೆ ಆಶ್ಚರ್ಯ.

ಒಂದು ನಡೆದ ಸಂಗತಿ ಹೇಳುತ್ತೇನೆ. ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ. ಜಮಖಂಡಿ ಕಡೆಯವರು. ಮಗ ಪರದೇಶದಲ್ಲಿ, ಪ್ರತಿ ರವಿವಾರ ಫೋನು ಮಾಡುತ್ತಾನೆ. ಒಂದು ದಿನ ಯಾವುದೋ ಡಬ್ಬಿಯ ಮುಚ್ಚಳ ತೆಗೆದುಕೊಡಲು ಕರೆದರು. ಹೋದಾಗ ನೋಡಿದೆ, ಸಿಂಕು ಒಣಗಿತ್ತು. ಪಕ್ಕದಲ್ಲಿ ಎರಡು ಬಕೆಟ್ಟು ಇಟ್ಟುಕೊಂಡು, ಸ್ಟೂಲಿನ ಮೇಲೆ ಕೂತು ಪಾತ್ರೆ ತೊಳೆಯುತ್ತಿದ್ದರು. ಕಪಾಟು ತೆರೆದರೆ ಒಳಗೆ ಅಕ್ಕಿ ಡಬ್ಬಿಯನ್ನು ಬೋರಲು ಹಾಕಿ, ಅದರ ಮೇಲೊಂದು ಮಣೆ ಇಟ್ಟು ಸಿಂಕಿಗೆ ಆನಿಕೆ ಕೊಟ್ಟಿದ್ದಾರೆ! ಮುಂಭಾಗ ಒಂದು ಬೆರಳು ಇಳಿದಿತ್ತು. ಕ್ಲಿಪ್ಪಿಲ್ಲ, ಪಟ್ಟಿಯಿಲ್ಲ, ಬರೀ ಸಿಲಿಕಾನ್.

"ಎಷ್ಟು ದಿನಾ ಆತು ಅಕ್ಕಾರ? ಯಾಕ ಹೇಳ್ಲಿಲ್ಲ?" ಎಂದೆ.

"ಎರಡು ತಿಂಗಳಾತು ತಮ್ಮಾ. ಮಗನ ಮುಂದ ಅನಬ್ಯಾಡ. ಸಿಂಕ್ ಬಿತ್ತಂದ್ರ ಮನೀನ ಬಿತ್ತು ಅಂತಾನ. ಮನಿ ಮಾರಿ ಇಲ್ಲಿಗಿ ಬಾ ಅಂತ ಮತ್ತ ಸುರು ಮಾಡ್ತಾನ."

ಮಿತ್ರರೆ, ನನಗೆ ಮಾತು ಹೊರಡಲಿಲ್ಲ. ಮಗನದೂ ತಪ್ಪಲ್ಲ, ಅವನಿಗೆ ಚಿಂತೆ. ಆದರೆ ಆ ಹಿರಿಯ ಜೀವಕ್ಕೆ ಅಕ್ಕಿ ಡಬ್ಬಿಯ ಮೇಲೆ ನಿಂತದ್ದು ಬರೀ ಸಿಂಕಾಗಿರಲಿಲ್ಲ, ತನ್ನ ಮನೆಯಲ್ಲಿ ತಾನಿರುವ ಹಕ್ಕಾಗಿತ್ತು.

ಕಟ್ಟಡದ ಇಬ್ಬರು ಮಕ್ಕಳನ್ನು ಕರೆದೆ. ಒಬ್ಬ ಇಂಜಿನಿಯರಿಂಗ್ ಓದುವ ಹುಡುಗ, ಇನ್ನೊಬ್ಬಳು ಬ್ಯಾಂಕಿಗೆ ಹೋಗುವ ಹುಡುಗಿ. ಇಬ್ಬರೂ ನಿಮ್ಮಂಥವರೇ, ಪುಣೆಯಲ್ಲಿ ಹುಟ್ಟಿದವರು, ಕನ್ನಡ ಚೆನ್ನಾಗಿ ತಿಳಿಯುತ್ತದೆ, ಆಡಲು ನಾಚಿಕೆ. "ಕಾಕಾ, ಮತ್ತೊಮ್ಮೆ ಸಿಲಿಕಾನ್ ಹಚ್ಚಿದ್ರ ಸಾಕಲ್ಲ?" ಎಂದ ಹುಡುಗ. ಹಳೆಯ ಸಿಲಿಕಾನಿನ ಮೇಲೆ ಹೊಸ ಸಿಲಿಕಾನ್ ಹಿಡಿಯುವುದಿಲ್ಲ, ಪೂರ್ತಿ ಬಿಚ್ಚಲೇಬೇಕು ಎಂದೆ.

ಕೆಲಸ ಮಾಡಿದ ಕ್ರಮವನ್ನು ಬರೆಯುತ್ತೇನೆ, ನೆನಪಿಡಿ. ಮೊದಲು ಸಿಂಕಿನ ಕೆಳಗಿದ್ದ ನೀರಿನ ಫಿಲ್ಟರಿನ ಪ್ಲಗ್ ಕಿತ್ತೆವು. ನೀರು, ಕರೆಂಟು ಎರಡೂ ಇರುವ ಜಾಗದಲ್ಲಿ ಇದೇ ಮೊದಲ ಕೆಲಸ. ಕಪಾಟು ಖಾಲಿ ಮಾಡಿ, ಕೆಳಗೆ ಬಕೆಟ್ಟಿಟ್ಟು, ಪೈಪು ಮತ್ತು ಕಪ್ಲಿಂಗ್ ಬಿಚ್ಚಿದೆವು. ಆಮೇಲೆ ಓಟಾದ ಮೇಲೆ ಹಳೆಯ ಟಾವೆಲ್ಲು ಹಾಸಿ, ಸಿಂಕಿನ ಬಾಯಿಗೆ ಅಡ್ಡಲಾಗಿ ಗಟ್ಟಿ ಮರದ ರೀಪು ಇಟ್ಟೆವು. ಅದಕ್ಕೆ ಹಗ್ಗ ಸುತ್ತಿ, ಹಗ್ಗವನ್ನು ಸಿಂಕಿನ ತೂತಿನಿಂದ ಇಳಿಸಿ, ಕೆಳಗೆ ತೂತಿಗಿಂತ ದೊಡ್ಡದಾದ ಮರದ ತುಂಡಿಗೆ ಕಟ್ಟಿದೆವು. ಮೇಲೆ ಎರಡು ಎಳೆಯ ನಡುವೆ ಒಂದು ಕೋಲು ತೂರಿಸಿ ತಿರುವಿದರೆ ಹಗ್ಗ ಹುರಿಗೊಂಡು ಸಿಂಕು ಮೇಲೇಳುತ್ತದೆ, ಬಿಚ್ಚಿದರೆ ಇಳಿಯುತ್ತದೆ. ಈ ಉಪಾಯಕ್ಕೆ ಒಂದು ಪೈಸೆ ಖರ್ಚಿಲ್ಲ.

ಉಳಿದಿದ್ದ ಸಿಲಿಕಾನನ್ನು ಬ್ಲೇಡಿನಿಂದ ಕೊಯ್ದು ಮೆಲ್ಲಗೆ ಸಿಂಕನ್ನು ಇಳಿಸಿದೆವು. ಹುಡುಗಿ ಕಲ್ಲಿನ ಅಡಿಯನ್ನೂ ಸಿಂಕಿನ ಅಂಚನ್ನೂ ಕೆರೆದು, ಉಕ್ಕಿನ ಅಂಚಿಗೆ ಸ್ಯಾಂಡ್ ಪೇಪರ್ ಉಜ್ಜಿ, ಉಗುರುಬಣ್ಣ ತೆಗೆಯುವ ಅಸಿಟೋನಿನಿಂದ ಒರೆಸಿದಳು. ಕಿಟಕಿ ತೆರೆದಿರಲಿ, ಗ್ಯಾಸು ಹೊತ್ತಿರಬಾರದು, ಅಸಿಟೋನಿಗೆ ಬೆಂಕಿ ಬೇಗ ಹಿಡಿಯುತ್ತದೆ. ನಂತರ ಒಂದು ದಿನ ಏನೂ ಮಾಡದೆ ಬಿಟ್ಟೆವು. ಕಲ್ಲು ಒಣಗಬೇಕು. ಮಳೆಗಾಲವಾದರೆ ಫ್ಯಾನು ಹಚ್ಚಿ ಎರಡು ದಿನ ಬಿಡಿ. ಈ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಈ ಕಾಯುವಿಕೆಯೇ.

ಮರುದಿನ ಕಲ್ಲಿನ ಪಟ್ಟಿ ಕತ್ತರಿಸಲು, ಹತ್ತಿರದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮೇಸ್ತ್ರಿಯನ್ನು ಕರೆತಂದೆ. ಹುಡುಗ ಅವನೊಡನೆ ಹಿಂದಿಯಲ್ಲಿ ಮಾತಾಡಿದ, ಅವನೂ ಮುರುಕು ಹಿಂದಿಯಲ್ಲೇ ಉತ್ತರಿಸಿದ. ಅಳತೆಯ ವಿಷಯದಲ್ಲಿ ಇಬ್ಬರಿಗೂ ಹೊಂದಲಿಲ್ಲ. ಒಳಗಿನಿಂದ ಅಜ್ಜಿ, "ಚಹಾ ಕುಡದು ಮಾಡ್ರೆಪ್ಪಾ" ಎಂದರು. ಮೇಸ್ತ್ರಿ ತಲೆಯೆತ್ತಿ, "ಯಾವೂರ್ರಿ ಯವ್ವಾ ನಿಮ್ದು? ನಂದು ಸುರಪುರ ತಾಲೂಕ್ರಿ" ಎಂದ. ಅಲ್ಲಿಂದ ಮುಂದೆ ಕೆಲಸ ಕನ್ನಡದಲ್ಲಿ ನಡೆಯಿತು. ಪುಣೆಯ ಕಟ್ಟಡಗಳಲ್ಲಿ ಕಲ್ಲು, ಗಾರೆಯ ಕೆಲಸಕ್ಕೆ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು ಬಹಳ. ನೀವು ಹಿಂದಿಯಲ್ಲಿ ಚೌಕಾಶಿ ಮಾಡುವಾಗ ಆಚೆ ನಿಂತವನು ನಿಮ್ಮ ಭಾಷೆಯವನೇ ಆಗಿರಬಹುದು, ಒಮ್ಮೆ ಕೇಳಿ ನೋಡಿ.

"ಭಾರ ನೆಲಕ್ಕ ಇಳೀಬೇಕ್ರಿ, ಗಾಳ್ಯಾಗ ನಿಂದರಬಾರ್ದು" ಎಂದ ಮೇಸ್ತ್ರಿ. ಇಂಜಿನಿಯರಿಂಗ್ ಪುಸ್ತಕದಲ್ಲಿ ಇರುವುದೂ ಇದೇ ಎಂದು ಹುಡುಗನಿಗೆ ಹೇಳಿದೆ. ಉಳಿಕೆ ಗ್ರಾನೈಟಿನಲ್ಲಿ ನಾಲ್ಕು ಇಂಚು ಅಗಲದ ಎರಡು ಪಟ್ಟಿ, ಅವುಗಳ ತುದಿಗೆ ನಾಲ್ಕು ಗಿಡ್ಡ ಕಾಲು ಕತ್ತರಿಸಿದ. ಕಾಲುಗಳು ಕಪಾಟಿನ ಕೆಳಗಿನ ಕಲ್ಲಿನ ಮೇಲೆ ನಿಲ್ಲುತ್ತವೆ, ಪಟ್ಟಿಗಳು ನೀರಿನ ತೂತನ್ನು ಬಿಟ್ಟು ಅದರ ಹಿಂದೊಂದು ಮುಂದೊಂದು ಸಿಂಕಿನ ತಳಕ್ಕೆ ಆಸರೆಯಾಗುತ್ತವೆ. ನಡುವೆ ರಬ್ಬರಿನ ಹಾಳೆ, ಇಲ್ಲದಿದ್ದರೆ ಪಾತ್ರೆ ಇಟ್ಟಾಗಲೆಲ್ಲ ತಮಟೆಯಂತೆ ಸದ್ದಾಗುತ್ತದೆ.

ಎಲ್ಲ ಸಿದ್ಧವಾದ ಮೇಲೆ ಸಿಂಕಿನ ಅಂಚಿಗೆ ಎಲ್ಲಿಯೂ ಕಡಿಯದಂತೆ ಸಿಲಿಕಾನಿನ ಗೆರೆ ಎಳೆದೆವು. ಅಂಗಡಿಯಲ್ಲಿ ಎರಡು ಜಾತಿಯ ಸಿಲಿಕಾನ್ ಸಿಗುತ್ತದೆ. ವಿನಿಗರಿನ ವಾಸನೆ ಬರುವುದು ಒಂದು, ಬಾರದ ನ್ಯೂಟ್ರಲ್ ಇನ್ನೊಂದು. ಕಡಪ್ಪಾ, ಶಹಾಬಾದಿ ಎರಡೂ ಸುಣ್ಣದ ಕಲ್ಲುಗಳು, ಹುಳಿ ತಾಗಿದರೆ ಕಲೆಯಾಗುತ್ತವೆ. ಅದಕ್ಕಾಗಿ ನ್ಯೂಟ್ರಲನ್ನೇ ಕೇಳಿ. ಹಗ್ಗ ತಿರುವಿ ಸಿಂಕನ್ನು ಎತ್ತಿದಾಗ ಸುತ್ತಲೂ ಸಿಲಿಕಾನ್ ಸಮನಾಗಿ ಉಕ್ಕಿ ಬಂತು. ಒದ್ದೆ ಬೆರಳಿನಿಂದ ಸವರಿ, ಒರೆಸಿ, ಕೆಳಗೆ ಪಟ್ಟಿಗಳನ್ನು ಬಿಗಿಯಾಗಿ ಕೂಡಿಸಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಟ್ಟೆವು.

ಪರೀಕ್ಷೆಗೆ ಉಪಕರಣ ಬೇಡ. ಕಪ್ಲಿಂಗ್ ಜೋಡಿಸಿ, ಕಪಾಟಿನಲ್ಲಿ ಹಳೆಯ ಪೇಪರು ಹಾಸಿ, ಸಿಂಕಿಗೆ ಬಿರಡೆ ಹಾಕಿ ಕಂಠಮಟ ನೀರು ತುಂಬಿ ರಾತ್ರಿಯಿಡೀ ಬಿಟ್ಟೆವು. ಹನಿ ಬಿದ್ದಿದ್ದರೆ ಪೇಪರಿನ ಮೇಲೆ ಗುರುತು ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಪೇಪರು ಗರಿಗರಿಯಾಗಿತ್ತು. ಅಜ್ಜಿ ಎರಡೂ ಬಕೆಟ್ಟುಗಳನ್ನು ಬಚ್ಚಲಿಗೆ ಸಾಗಿಸಿದರು, ಅಕ್ಕಿ ಡಬ್ಬಿಯನ್ನು ತೊಳೆದು ಬಿಸಿಲಿಗಿಟ್ಟರು. ರವಿವಾರ ತಾವೇ ಮಗನಿಗೆ ಹೇಳಿದರಂತೆ, "ಸಿಂಕ್ ಇಳದಿತ್ತು, ನಮ್ಮ ಹುಡುಗ್ರು ಎತ್ತಿ ಕೂಡಿಸಿದ್ರು."

ಸಿಂಕಿನ ಕೆಳಗೆ ಬಗ್ಗಿದ ಮೇಲೆ ಅಲ್ಲಿಯ ಬಾಗಿದ ಪೈಪನ್ನೂ ನೋಡಿ. ಅದರ ಬಾಗಿನಲ್ಲಿ ಸದಾ ನಿಲ್ಲುವ ನೀರು ಮೋರಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮನೆ ಮುಚ್ಚಿದರೆ ಅದು ಆರಿ ವಾಸನೆ ಬರುತ್ತದೆ, ಒಂದು ತಂಬಿಗೆ ನೀರು ಹಾಕಿದರೆ ಸಾಕು. ನೆಲದಲ್ಲಿ ಕೂಡಿಸುವ ಇಂಥದ್ದಕ್ಕೇ ಪ್ಲಂಬರುಗಳು ನಾಣಿ ಟ್ರ್ಯಾಪ್ ಎನ್ನುತ್ತಾರೆ. ನಾಣಿ ಎಂದರೆ ಮರಾಠಿಯ ನ್ಹಾಣಿ, ನಮ್ಮ ಬಚ್ಚಲು! ಇಂಗ್ಲಿಷ್ ಪಟ್ಟಿಗಳಲ್ಲೂ ಅದೇ ಹೆಸರು ಕೂತಿದೆ. ಇದರೊಳಗೆ ಕರಿದ ಎಣ್ಣೆ, ತುಪ್ಪದ ಜಿಡ್ಡು, ದೋಸೆ ಹಿಟ್ಟಿನ ತಳ ಸುರಿಯಬೇಡಿ. ಕಾಗದದಿಂದ ಒರೆಸಿ ಕಸಕ್ಕೆ ಹಾಕಿ. ಈ ನೀರು ಮುಳಾ-ಮುಠಾ ಸೇರಿ, ಭೀಮೆಗೆ ಕೂಡಿ, ಉಜನಿ, ಪಂಢರಪುರ ದಾಟಿ, ಗಾಣಗಾಪುರದ ಮುಂದೆ ಹರಿದು ರಾಯಚೂರಿನ ಕಡೆ ಕೃಷ್ಣೆಯನ್ನು ಸೇರುತ್ತದೆ. ನೀವು ಇಲ್ಲಿ ಸುರಿದದ್ದು ನಿಮ್ಮ ಅಜ್ಜನ ಊರಿನ ದಾರಿ ಹಿಡಿಯುತ್ತದೆ ಎಂಬುದು ನೆನಪಿರಲಿ.

ಎಲ್ಲ ಕೆಲಸವನ್ನೂ ನೀವೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಕಲ್ಲಿನಲ್ಲೇ ಬಿರುಕು ಬಿಟ್ಟಿದ್ದರೆ, ಎರಡು ಬಟ್ಟಲಿನ ಭಾರಿ ಸಿಂಕಾಗಿದ್ದರೆ, ತಿಳಿದವರನ್ನೇ ಕರೆಯಿರಿ. ಆದರೆ ಕರೆದಾಗ ಎರಡು ಪ್ರಶ್ನೆ ಕೇಳಿ: "ನೀರನ್ನು ತಡೆಯುವುದು ಯಾವುದು? ಭಾರವನ್ನು ಹೊರುವುದು ಯಾವುದು?" ಎರಡಕ್ಕೂ ಒಂದೇ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಹೊಸ ಮನೆ ಮಾಡುವವರು ಓಟಾದ ಕಲ್ಲು ಕೂಡಿಸುವ ಮೊದಲೇ ಇದನ್ನು ಕೇಳಿದರೆ ಇನ್ನೂ ಒಳ್ಳೆಯದು. ವರ್ಷಕ್ಕೆರಡು ಸಲ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ, ಮನೆ ಸ್ವಚ್ಛಮಾಡುವಾಗ ಸಿಂಕಿನ ತಳಕ್ಕೆ ಅಂಗೈ ಕೊಟ್ಟು ಮೇಲಕ್ಕೆ ಒತ್ತಿ. ಅಲುಗಿದರೆ ಆ ವಾರವೇ ಕೆಲಸ ಹಚ್ಚಿ. ಒಸರುವಾಗ ಅರ್ಧ ದಿನದ ಕೆಲಸ, ಬಿದ್ದ ಮೇಲೆ ಕಲ್ಲು, ಪೈಪು, ಕಪಾಟು ಎಲ್ಲವೂ ಹೊಸದು.

ಕೊನೆಯದಾಗಿ ಒಂದು ವಿನಂತಿ. ಮುಂದಿನ ಸಲ ಅಜ್ಜಿಯ ಮನೆಗೋ, ಒಬ್ಬರೇ ಇರುವ ಮಾವಶಿಯ ಮನೆಗೋ ಹೋದಾಗ, ಊಟವಾದ ಮೇಲೆ ನಿಮ್ಮ ತಟ್ಟೆ ನೀವೇ ತೊಳೆಯಿರಿ. ತೊಳೆದಾದ ಮೇಲೆ ಕೆಳಗಿನ ಕಪಾಟು ತೆರೆದು ನೋಡಿ. ಅಲ್ಲಿ ಯಾವ ಡಬ್ಬಿ ಬೋರಲಾಗಿದೆಯೋ ಅವರು ಬಾಯಿಬಿಟ್ಟು ಹೇಳುವುದಿಲ್ಲ.